ಬಳಿಗಾರ ಮೊಹಿನುದ್ದೀನನ ಪಾರ್ಟು

ಕಲ್ಯಾಣಿಯಾಗ ಮೊಹಿನುದ್ದೀನ್ ಅಂತ ಒಬ್ಬ ಬಳಿಗಾರ ಇದ್ದ. ಈಗ ಬಸವಕಲ್ಯಾಣ ಅಂತೀವಲ್ಲ, ಆಗ ಅದಕ್ಕ ಬರೇ ಕಲ್ಯಾಣಿ ಅಂತಿದ್ದರು. ಊರು ನವಾಬರದು, ರೊಕ್ಕದ ಮ್ಯಾಲಿನ ಮುದ್ರಿ ನಿಜಾಮರದು, ಮೊಹಿನುದ್ದೀನನದು ಅಂತ ಇದ್ದದ್ದು ಎರಡ: ಹೆಗಲ ಮ್ಯಾಲಿನ ಬಳಿ ಮಲಾರ, ಮತ್ತ ತನ್ನ ಗಂಟಲು. ಬಳಿ ಎಲ್ಲಾ ಹಗ್ಗಕ್ಕ ಪೋಣಿಸಿ ಹೆಗಲಿಗೆ ಹಾಕ್ಕೊಳ್ಳೂ ಆ ಮಲಾರದ ಬಗ್ಗೆ ಯಾರದೂ ತಕರಾರಿರಲಿಲ್ಲ. ಗಂಟಲದ ಬಗ್ಗೆ ಮಾತ್ರ ಎರಡ ಮಾತಿದ್ದವು. ತಾನು ಭಾಳ ಚಂದ ಹಾಡ್ತೇನಂತ ಅವನ ಮಾತು. ನೀವು ಮುಂಜಾನೆ ರಾಗ ತಗದ ದಿನ ಆಡು ಹಾಲ ಇಳಸೂದಿಲ್ಲಂತ ಅವನ ಹೆಂಡತಿ ಅಕ್ಬರಿಯ ಮಾತು. ಆಡಿನ ಸಾಕ್ಷಿ ಯಾರೂ ಕೇಳಲಿಲ್ಲ, ಅಂವ ಹಾಡೂದೂ ಬಿಡಲಿಲ್ಲ.

ಖರೇ ಹೇಳಬೇಕಂದ್ರ ಅವನ ಕಸಬಿಗೆ ಹಾಡೂ ಬೇಕು, ಮಾತೂ ಬೇಕು. ಬಳಿ ಇಡೂದಂದ್ರ ಕೈಯಾಗ ತುರುಕೂದಲ್ಲ. ಹೆಣ್ಮಗಳ ಹೆಬ್ಬಟ್ಟು ಅಂಗೈಯೊಳಗ ಮಡಚಿ, ಗೆಣ್ಣು ಹಗುರಕ ಒತ್ತಿ, ಆಕೀಗೆ ತಿಳಿಯೂದರೊಳಗ ಬಳಿ ಮಣಿಕಟ್ಟಿಗೆ ಇಳಸಬೇಕು. ನೋಯ್ತದಂತ ಆಕಿ ಕೈ ಬಿಗಿ ಹಿಡದ್ಲೋ, ಗಾಜು ಟಕ್ಕಂತ ಹೋತು. ಅದಕ್ಕ ಮೊಹಿನುದ್ದೀನ ಬಳಿ ಬರೋಬ್ಬರಿ ಗೆಣ್ಣಿಗೆ ಬಂದಾಗ ಒಂದ ಮಾತ ಕೇಳ್ತಿದ್ದ: "ತೌರಮನಿಯಿಂದ ಯಾರರ ಬಂದಿದ್ದರೇನವ್ವ?" ತೌರಮನಿ ಅಂದಕೂಡ್ಲೆ ಎಂಥಾ ಗಟ್ಟಿ ಹೆಣ್ಮಗಳ ಕೈಯೂ ಮೆತ್ತಗಾಗ್ತದ. ಆಕಿ ಅಣ್ಣನ ಸುದ್ದಿ ಹೇಳಿ ಮುಗಸೂದರೊಳಗ ಡಜನ್ ಬಳಿ ಕೈಯಾಗ ಕುಂತಿರ್ತಿದ್ದವು.

ಇಟ್ಟ ಮ್ಯಾಲ ಒಂದ ರೀತಿ ಇತ್ತು. ಬಳಿ ಇಡಿಸಿಕೊಂಡಾಕಿ ಎದ್ದು, ಸೆರಗ ಸರಿ ಮಾಡಿಕೊಂಡು, ಬಳಿಗಾರಗ ನಮಸ್ಕಾರ ಮಾಡಬೇಕು. ದೇಶಮುಖರ ಸೊಸಿ ಇರಲಿ, ಗಾಣಿಗರ ಮಗಳಿರಲಿ, ಬಳಿಗಾರ ಮುಸಲ್ಮಾನ ಇರಲಿ, ಯಾರೂ ಅದಕ್ಕ ಎರಡನೇ ವಿಚಾರ ಮಾಡ್ತಿರಲಿಲ್ಲ. ಅಂವ ತಲಿ ಮ್ಯಾಲ ಕೈ ಎತ್ತಿ, "ಮುತ್ತೈದಿಯಾಗಿ ಬಾಳವ್ವ, ನಾ ಇಟ್ಟ ಬಳಿ ನಿನ್ನ ಕೈಯಾಗ ಇರಲಿ" ಅಂತ ಹರಸಬೇಕು. ಇಷ್ಟಾದ ಮ್ಯಾಲನ ಬಳಿ ಇಟ್ಟಂಗ. ಈ ನಮಸ್ಕಾರದ ಮ್ಯಾಲ ಮೊಹಿನುದ್ದೀನಗ ಭಾಳ ಜೀವ. ಹಂತಾ ಹಂತಾರು ಬಾಗೂ ಕಾಲು ಅಂತ ದಿನಾ ಸಂಜಿಗೆ ಹಿಮ್ಮಡಿ ತಿಕ್ಕಿ ತೊಳಕೊಂಡು ಎಣ್ಣಿ ಹಚ್ಚತಿದ್ದ. "ಅವರು ನಿಮ್ಮ ಕಾಲಿಗೆ ಬೀಳಾಕತ್ತಿಲ್ಲರೀ, ಬಳಿಗೆ ಬೀಳಾಕತ್ತಾರ," ಅಂತಿದ್ದಳು ಅಕ್ಬರಿ. "ಆ ಮಲಾರ ಅಗಸರ ಕತ್ತಿ ಮ್ಯಾಲ ಹೇರಿ ಕಳಸ್ರಿ, ಕತ್ತೀಗೂ ನಮಸ್ಕಾರ ಮಾಡ್ತಾರ." ಮೊಹಿನುದ್ದೀನ ಎಣ್ಣಿ ಹಚ್ಚೂದು ಬಿಡಲಿಲ್ಲ.

ಇಂಥಾದ್ರಾಗ ಊರಿಗೆ ನಾಟಕ ಬಂತು. ಹತ್ತೊಂಬತ್ತನೂರ ಮೂವತ್ತಾರರ ಸುಮಾರು ಇರಬೇಕು. ಗದಗಿನ ಕಡಿಂದ ಸಿದ್ದಪ್ಪ ಮಾಸ್ತರ ಅಂತ ಒಬ್ಬ ಹಾರ್ಮೋನಿಯಂ ಹೊತ್ತುಕೊಂಡು ಬಂದ. ಊರಾಗಿನ ನಾಟಕದ ಹೌಸಿ ಮಂದೀನ ಕೂಡಿಸಿ, ಹತ್ತಿ ವಖಾರಿಯಾಗ ತಾಲೀಮ ಮಾಡಿಸಿ, ತಾನ ಬರೆದ "ಸತಿ ಮಣಿಮಾಲಿನಿ" ಅನ್ನೂ ಸಂಗೀತ ನಾಟಕ ಎತ್ತಿದ. ಅದರಾಗ ರಾಣಿ ಮಣಿಮಾಲಿನಿ ಗಂಡನ್ನ ಯುದ್ಧಕ್ಕ ಕಳಿಸೂ ಮುಂದ ಬಳಿ ಇಡಿಸಿಕೊಳ್ತಾಳ. ಬಳಿ ಇಡಾಕ ಒಬ್ಬ ಮುಸಲ್ಮಾನ ಬಳಿಗಾರ ಬರ್ತಾನ. ಆ ಪಾರ್ಟು ಮಾಡಿದಾಂವ ತೊಗರಿ ವ್ಯಾಪಾರದ ಬಕ್ಕಪ್ಪ ಸಾವ್ಕಾರ. ಹಣಿ ಮ್ಯಾಲಿನ ವಿಭೂತಿ ಒರಸಿ, ಗದ್ದಕ್ಕ ಮೊಳ ಉದ್ದ ಹತ್ತಿ ಗಡ್ಡ ಅಂಟಿಸಿ, "ನಮ್ದುಕೆ ಬಳಿ, ನಿಮ್ದುಕೆ ಕೈ" ಅಂತ ಕುಣಕೋತ ಬಂದ. ಬಳಿ ಇಟ್ಟು, ಬಕ್ಷೀಸಿಗಂತ ರಾಣಿ ಕಾಲಿಗೆ ಅಡ್ಡ ಬಿದ್ದ. ಬಿದ್ದಾಗ ಗಡ್ಡ ಕಳಚಿ ರಾಣಿ ಕಾಲಂದುಗಿಗೆ ಸಿಕ್ಕೊಂತು. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಮೊಹಿನುದ್ದೀನನೂ ಮುಂದಿನ ಸಾಲಿನಾಗ ಕುಂತಿದ್ದ. ಮೊದಲ ತಾನೂ ನಕ್ಕ. ಆಮ್ಯಾಲ ನಗಿ ಅರ್ಧಕ್ಕ ನಿಂತು, ಎದ್ದು ಮನೀಗೆ ಹೋದ. ಆ ನಾಟಕದ ಮುಂದಿನ ಕತಿ ಅವಗ ಗೊತ್ತಾಗಲಿಲ್ಲ.

ನಾಟಕ ಮುಗಿದರೂ ನಗಿ ಮುಗೀಲಿಲ್ಲ. ಮರದಿನದಿಂದ ಯಾವ ಓಣಿಗೆ ಹೋದರೂ "ನಮ್ದುಕೆ ಬಳಿ ಬಂತು" ಅನ್ನಾಕತ್ತರು. ಸಿಟ್ಟ ಬರೂ ಹಂಗಿಲ್ಲ, ಗಿರಾಕಿ. ಅಂವ ಹಲ್ಲ ಕಿಸಿದು ಮುಂದಿನ ಮನಿಗೆ ನಡೀತಿದ್ದ. ಆದರ ಒಂದಿನ ಪ್ಯಾಟಿ ಓಣ್ಯಾಗ ಹೊಸಾ ಸೊಸಿ ಒಬ್ಬಾಕಿ ಬಳಿ ಇಡಿಸಿಕೊಂಡು ಎದ್ದಾಕಿ, ನಮಸ್ಕಾರ ಮಾಡದ ನಕ್ಕೋತ ನಿಂತ್ಲು. "ನಾಟಕದಾಗ ಬಳಿಗಾರನೇ ರಾಣಿ ಕಾಲಿಗೆ ಬಿದ್ದನಲ್ಲ ಮಾಮಾ," ಅಂದಳು. ಆಕೀದು ಕೆಟ್ಟ ಮನಸಲ್ಲ, ಸಣ್ಣ ಹುಡುಗಿ. ಆದರ ಮೊಹಿನುದ್ದೀನನ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲಾರೂ ಇದ ಓಣ್ಯಾಗ ಹರಸಿದಾರು. ಆ ಹರಕಿ ಈಗ ಕೇಳಾವರಿಲ್ಲದಂಗ ಆಗ್ತದೇನಂತ ಅವಗ ಹೆದರಿಕಿ ಹತ್ತಿತು. ಆ ದಿನ ಕಾಲಿಗೆ ಎಣ್ಣಿ ಹಚ್ಚಲಿಲ್ಲ. ಅಕ್ಬರಿ ನೋಡಿದಳು, ಎಣ್ಣಿ ಬಟ್ಟಲ ಎತ್ತಿ ಗೂಡಿನಾಗ ಇಟ್ಟಳು.

ಮುಂದ ಎರಡ ತಿಂಗಳಿಗೆ ನಾಟಕಕ್ಕ ಹುಮನಾಬಾದಿನಿಂದ ಕರಿ ಬಂತು. ಅಷ್ಟರಾಗ ರಾಜಾ ಆಗ್ತಿದ್ದಾಂವ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕ ಹೋಗಿಬಿಟ್ಟಿದ್ದ. ಬಕ್ಕಪ್ಪಗ ಬಡತಿ ಕೊಟ್ಟು ರಾಜಾ ಮಾಡಿದರು. ಬಕ್ಕಪ್ಪಗ ಅದರಿಂದ ಸಂತೋಷೇನಾಗಲಿಲ್ಲ, ರಾಜಾಗ ಯಾರೂ ನಗೂದಿಲ್ಲ. ಬಳಿಗಾರನ ಪಾರ್ಟು ಖಾಲಿ ಬಿತ್ತು. ಸುದ್ದಿ ಕೇಳಿದ ಮೊಹಿನುದ್ದೀನ ಇಸ್ತ್ರಿ ಮಾಡಿದ ಶೇರವಾನಿ ಹಾಕ್ಕೊಂಡು ವಖಾರಿಗೆ ಹೋದ.

"ಆ ಪಾರ್ಟು ನನಗ ಕೊಡ್ರಿ," ಅಂದ.

ಸಿದ್ದಪ್ಪ ಮಾಸ್ತರ ಹಾರ್ಮೋನಿಯಂ ನಿಲ್ಲಿಸಿ ನೋಡಿದ. "ಅಲ್ಲ ಮಿಯಾ, ನೀ ಬಳಿ ಇಡೂದು ಊರಾಗ ದಿನಾ ಪುಕಟ್ಟೆ ನೋಡ್ತಾರ. ಅದನ್ನ ನೋಡಾಕ ಟಿಕೀಟ ಯಾರು ತಗೀತಾರ?"

"ಸಾವ್ಕಾರ್ರು ದಿನಾ ತೊಗರಿ ಮಾರತಾರ, ಅವರನ್ನ ರಾಜಾ ಮಾಡೀರಿ. ನಾ ದಿನಾ ಬಳಿಗಾರ, ನನ್ನ ಬಳಿಗಾರ ಮಾಡಾಕ ಬರೂದಿಲ್ಲೇನ್ರಿ?"

ಹೋದ ಸಲ ಮಣಿಮಾಲಿನಿಗೆ ತಗಡಿನ ಬಳಿ ಇಟ್ಟು ಕೈ ಕೆಂಪಗಾಗಿತ್ತು. ಮೊಹಿನುದ್ದೀನ ಬಂದರ ಬಳಿನೂ ಬರ್ತಾವಂತ ಮಾಸ್ತರ ಲೆಕ್ಕ ಹಾಕಿ ಹೂಂ ಅಂದ.

ಆದರ ಪಾರ್ಟು ಸಿಕ್ಕಿದ್ದು ಸಸಾರ, ಅದನ್ನ ಮಾಡೂದು ತ್ರಾಸ. ಮಾಸ್ತರಂದು ಒಂದ ಕಾಯ್ದೆ ಇತ್ತು. "ಪಾತ್ರ ಸ್ಟೇಜಿಗೆ ಬಂದಕೂಡ್ಲೆ ಅದು ಯಾವ ಮಂದಿ ಅನ್ನೂದು ಕಡೀ ಸಾಲಿನ ಮುದುಕಗೂ ತಿಳೀಬೇಕು," ಅಂತ ಶುರು ಮಾಡಿದ. "ಮಾರವಾಡಿ ಇದ್ದರ ಹೊಟ್ಟಿ ಕಟ್ಟತೀವಿ. ಲಂಬಾಣಿ ಇದ್ದರ ಕನ್ನಡಿ ಲಂಗ. ಮುಸಲ್ಮಾನ ಇದ್ದರ ಗಡ್ಡ."

"ಗಡ್ಡ ನನಗ ಅದಲ್ರಿ."

ಮಾಸ್ತರ ಮೂಗಿನ ಮ್ಯಾಲಿನ ಚಾಳೀಸ ಏರಿಸಿ ಮೊಹಿನುದ್ದೀನನ ಗದ್ದ ಪರೀಕ್ಷಾ ಮಾಡಿದ. ಇದ್ದ ಗಡ್ಡ ಎರಡ ಬೆರಳಿಂದು, ನೀಟಾಗಿ ಕತ್ತರಿಸಿದ್ದು. "ಇದು ಐದನೇ ಸಾಲಿನ ಆಚೆ ಕಾಣೂದಿಲ್ಲ," ಅಂದ. ಖರೇ ಗಡ್ಡದ ಮ್ಯಾಲ ಹತ್ತಿ ಗಡ್ಡ ಅಂಟಿಸೂದಂತ ಠರಾವ ಆತು. ಪಾರ್ಟು ಬೇಕಾಗಿತ್ತು, ಮೊಹಿನುದ್ದೀನ ಒಪ್ಪಿಕೊಂಡ. ಶೇರವಾನಿ ತಗಸಿ ಚೌಕಡಿ ಲುಂಗಿ ಉಡಿಸಿದರು. ಅದಕ್ಕೂ ಒಪ್ಪಿಕೊಂಡ. ನಾಲಿಗಿ ಮಾತ್ರ ಒಪ್ಪಲಿಲ್ಲ.

ಅಂವ ಹುಟ್ಟಿದ್ದು ಬೆಳದದ್ದು ಕಲ್ಯಾಣಿಯಾಗ. ಮನ್ಯಾಗ ದಖನಿ, ಓಣ್ಯಾಗ ಕನ್ನಡ, ಸೊಲ್ಲಾಪುರಕ್ಕ ಮಾಲ ತರಾಕ ಹೋದರ ಮರಾಠಿ. ಮೂರೂ ಅವನ ಬಾಯಾಗ ಒಂದರ ಕಾಲ ಒಂದ ತುಳೀದ ಇದ್ದವು. ಆದರ ಮಾಸ್ತರ ಬರೆದ ನಾಕನೇ ಭಾಷಾ ಅವಗ ಬರಲಿಲ್ಲ. ಅದನ್ನ ಕಲಸೂ ಕೆಲಸ ಬಕ್ಕಪ್ಪಗ ಬಿತ್ತು. ತೊಗರಿ ಚೀಲದ ಮ್ಯಾಲ ಕುಂತು ಬಕ್ಕಪ್ಪ ಪಾಠ ಚಾಲೂ ಮಾಡಿದ.

"ಹಿಂಗ ಅನ್ನು. ನಮ್ದುಕೆ ಬಳಿ ಭಾಳ ಚಂದ ಐತೆ ರಾಣಿಸಾಬ್."

"ನಮ್ಮ ಬಳಿ ಭಾಳ ಚಂದ ಅವರೀ ರಾಣಿಸಾಬ್," ಅಂದ ಮೊಹಿನುದ್ದೀನ.

"ಹಂಗಲ್ಲೋ. ಸಾಬರಂಗ ಮಾತಾಡು."

"ನಾ ಸಾಬ ಅಲ್ಲೇನ್ರಿ ಸಾವ್ಕಾರ್ರ?"

"ನೀ ಖರೇ ಸಾಬ. ಇದು ನಾಟಕದ ಸಾಬ."

"ಅಂವ ಯಾವೂರಾಂವ್ರಿ?"

ಬಕ್ಕಪ್ಪ ವಿಚಾರಕ್ಕ ಬಿದ್ದ. ಅವನ ದುಕಾನದ ಮಗ್ಗಲಿಗೆ ಅಬ್ದುಲ್ ಕರೀಂ ಅತ್ತಾರ ಇಪ್ಪತ್ತೈದ ವರ್ಷದಿಂದ ಅತ್ತರ ಮಾರಾಕತ್ತಾನ, ಹಿಂಗ ಮಾತಾಡಿದ್ದು ಒಂದ ದಿನಾನೂ ಕೇಳಿರಲಿಲ್ಲ. "ನಮ್ಮ ಕಡಿ ಅಂವ ಅಲ್ಲ ಬಿಡು," ಅಂದ. "ಎಲ್ಲರ ದೂರದಾಗ ಇರಬೇಕು." ಆದರೂ ಪಾಠ ಬಿಡಲಿಲ್ಲ. ಮೊಹಿನುದ್ದೀನ ಮನ್ಯಾಗೂ ಬಾಯಿಪಾಠ ಮಾಡಿದ. ಅಕ್ಬರಿ ರೊಟ್ಟಿ ಬಡಿಯೂದು ನಿಲ್ಲಿಸಿ, "ಹಲ್ಲ ನೂಸಾಕತ್ತಾವೇನು? ಲವಂಗ ಇಟಕೊಳ್ರಿ," ಅಂದಳು.

ಇದೆಲ್ಲಾ ಅಂವ ನುಂಗಿಕೊಂಡ. ಜಗಳ ಬಂದದ್ದು ನಮಸ್ಕಾರಕ್ಕ. ಬಳಿ ಇಟ್ಟ ಮ್ಯಾಲ ಬಳಿಗಾರ ರಾಣಿ ಕಾಲಿಗೆ ಬೀಳಬೇಕಂತ ಮಾಸ್ತರ ಅಂದ. ಬೀಳೂದಿಲ್ಲಂತ ಮೊಹಿನುದ್ದೀನ ಅಂದ.

"ರೀತಿ ಹಂಗಿಲ್ರಿ. ಬಳಿ ಇಟ್ಟ ಮ್ಯಾಲ ರಾಣಿ ಬಾಗಬೇಕು, ನಾ ಹರಸಬೇಕು. ಯಾವ ಮನ್ಯಾಗರ ಕೇಳ್ರಿ."

ರಾಣಿ ಆಗ್ತಿದ್ದಾಂವ ಹುಮನಾಬಾದ ಕಡಿ ಹುಡಗಿ ಅನ್ನೂ ಊರಿನ ಪಾಟೀಲರ ಮನಿ ವೈಜನಾಥ, ನಾಟಕಕ್ಕಂತ ಕಲ್ಯಾಣಿಯಾಗ ಉಳದಿದ್ದ. ಇಪ್ಪತ್ತು ವರ್ಷದ ಹುಡುಗ, ನೋಡಾಕ ಚಲುವ, ಹಾಡಿದರ ಸೈ ಅನಸಾಂವ. ಪಡದೆ ಹೊಲಸಾಕ ರೊಕ್ಕ ಕೊಟ್ಟಾಂವನೂ ಅವನ. "ನಾ ಬಳಿಗಾರಗ ಬಾಗಬೇಕಾ?" ಅಂದ.

"ನೀವಲ್ರಿ, ರಾಣಿ ಬಾಗ್ತಾಳ."

"ರಾಣಿ ಒಳಗ ನಾ ಇದ್ದೇನಲ್ಲ."

"ನಿಮ್ಮವ್ವಾರು ಬಾಗ್ಯಾರರೀ," ಅಂದ ಮೊಹಿನುದ್ದೀನ ಮೆತ್ತಗ. "ಮದುವಿ ಬಳಿ ನಾನ ಇಟ್ಟೇನಿ ಅವರಿಗೆ."

ವೈಜನಾಥ ಮಾರಿ ತಿರುವಿದ. ಮಾಸ್ತರ ಹಾರ್ಮೋನಿಯಂ ಮುಚ್ಚಳ ಬಡಿದು, ಬರೆದದ್ದು ಬರೆದಂಗ ಆಗಬೇಕು, ಬೀಳಾಂವ ಬಳಿಗಾರನ ಅಂತ ತೀರ್ಪು ಕೊಟ್ಟ. ಮೊಹಿನುದ್ದೀನ ಸುಮ್ಮನಾದ. ಅಂವ ಒಪ್ಪಿಕೊಂಡನಂತ ಎಲ್ಲಾರೂ ತಿಳಕೊಂಡರು. ಅಂವ ಸುಮ್ಮನಾಗಿದ್ದ, ಅಷ್ಟ.

ಇನ್ನೊಂದ ಮಾತು ಇಲ್ಲೇ ಹೇಳಿಬಿಡಬೇಕು. ಆಗಿನ ನಾಟಕದಾಗ ಪೂರಾ ಪುಸ್ತಕ ಮಾಸ್ತರನ ಹಂತ್ಯಾಕ ಇರ್ತಿತ್ತು. ಉಳದಾವರಿಗೆ ಅವರವರ ಮಾತಿನ ಚೀಟಿ ಅಷ್ಟ. ಮೊಹಿನುದ್ದೀನ ತನ್ನ ಚೀಟಿ ಪಾಠ ಮಾಡಿ, ತನ್ನ ಪ್ರವೇಶ ಮುಗದಕೂಡ್ಲೆ ಮಲಾರ ಹೊತ್ತು ಓಣಿಗೆ ಹೋಗ್ತಿದ್ದ. ಮುಂದ ಏನಾಗ್ತದಂತ ಅಂವ ಕೇಳಲಿಲ್ಲ, ಯಾರೂ ಹೇಳಲಿಲ್ಲ. "ಸತಿ" ಅಂದ್ರ ರಾಣ್ಯಾರ ಹೆಸರಿನ ಮುಂದ ಮರ್ಯಾದಿಗೆ ಹಚ್ಚೂ ಮಾತಂತ ತಿಳಕೊಂಡಿದ್ದ.

ಹುಮನಾಬಾದಿನಾಗ ದವಸದ ಪ್ಯಾಟಿಯ ದೊಡ್ಡ ತಗಡಿನ ಶೆಡ್ಡಿನಾಗ ಸ್ಟೇಜ ಕಟ್ಟಿದರು. ಗಂಡಸರಿಗೆ ಸಂಜಿ ಆಟ. ಅದಕ್ಕೂ ಮೊದಲ ಹೆಣ್ಮಕ್ಕಳಿಗಂತ ಬ್ಯಾರೇನ ಆಟ, ಮಧ್ಯಾಹ್ನ ಎರಡಕ್ಕ. ಊಟ ಮುಗಿಸಿ, ಮುಸುರಿ ತಿಕ್ಕಿ, ಕೂಸು ಕುನ್ನಿ ಎತ್ತಿಕೊಂಡು ಹುಮನಾಬಾದಿನ ಹೆಣ್ಮಕ್ಕಳೆಲ್ಲಾ ಬಂದು ಕುಂತರು. ಚಾಪಿ ತಮ್ಮ ತಮ್ಮ ಮನೀವು. ಬಕ್ಕಪ್ಪನ ಹೆಂಡತಿ ಸಂಗಮ್ಮನ ತೌರಮನಿ ಹುಮನಾಬಾದ, ಆಕಿನೂ ಅವ್ವನ ಕರಕೊಂಡು ಮುಂದಿನ ಸಾಲಿಗೆ ಬಂದಿದ್ದಳು. ಹುಡಗಿಯಿಂದ ವೈಜನಾಥನ ತಾಯಿ ರುಕ್ಮಿಣಿಬಾಯಿ ಗಾಡಿ ಕಟ್ಟಿಸಿಕೊಂಡು ಬಂದರು. ಪಾಟೀಲರು ತೀರಿ ಮೂರ ವರ್ಷ ಆಗಿತ್ತು. ಕೈ ಸೆರಗಿನಾಗ ಮುಚ್ಚಿಕೊಂಡು, ಮುತ್ತೈದ್ಯಾರ ನಡುವ ಬ್ಯಾಡಂತ, ಹಿಂದಿನ ಕಂಬಕ್ಕ ಆತು ಕುಂತರು.

ಮೊಹಿನುದ್ದೀನನ ಪ್ರವೇಶ ಬಂತು. ಪಡದೆ ಸಂದಿಯಾಗಿಂದ ನೋಡಿದ. ಎದುರಿಗೆ ಐದನೂರ ಹೆಣ್ಮಕ್ಕಳು, ಹುಮನಾಬಾದ, ಹುಡಗಿ ಕಡೇನೂ ಮಲಾರ ಹೊತ್ತು ತಿರಗಾಂವ ಅಂವ, ಅದರಾಗ ಅರ್ಧಾ ಮಂದಿ ತನ್ನ ಗಿರಾಕಿ. ಮಲಾರ ಹೆಗಲಿಗೆ ಏರಿದಕೂಡ್ಲೆ ಗಂಟಲ ತಾನಾಗಿ ಬಿಚ್ಚಿಕೊಂತು.

"ಹಸರ ಬಳಿ ಇಡತೇನಿ, ಹಸನಾಗಲಿ ಮನಿಯು
ಕೆಂಪ ಬಳಿ ಇಡತೇನಿ, ಕೆಡದಿರಲಿ ದನಿಯು
ಕೈ ಮೆತ್ತಗ ಬಿಡವ್ವ, ಕಣ್ಣ ಮುಚ್ಚಿ ಬಿಡವ್ವ"

ಇದು ಮಾಸ್ತರನ ಹಾಡಲ್ಲ. ಓಣ್ಯಾಗ ಕೂಗೂ ಹಾಡು. ಪಡದೆ ಮರಿಯಾಗ ಕುಂತಿದ್ದ ಮಾಸ್ತರ ತಲಿ ಚಚ್ಚಿಕೊಂಡು, ಹಾರ್ಮೋನಿಯಂನಾಗ ಅದರ ಬೆನ್ನ ಹತ್ತಿದ. ಹೆಣ್ಮಕ್ಕಳು ನಗಾಕ ತಯ್ಯಾರಾಗಿ ಬಂದಾವರು. ನಕ್ಕರೂ ನಕ್ಕರು, ಗಡ್ಡದ ಮ್ಯಾಲಿನ ಗಡ್ಡಕ್ಕ. ಆದರ ಅಂವ ಕೆಳಗ ಕುಂತು ರಾಣಿಯ ಕೈ ಹಿಡಿದನೋ, ಶೆಡ್ಡಿನಾಗ ಸದ್ದಡಗಿತು. ಆ ಹಿಡಿಕಿ ಎಲ್ಲಾರ ಕೈಗೂ ಗೊತ್ತಿತ್ತು.

ವೈಜನಾಥನ ಕೈ ಗಂಡಸಿನ ಕೈ, ಗೆಣ್ಣು ದಪ್ಪ. ಖರೇ ಗಾಜಿನ ಬಳಿ ನೋಡಿ ಹುಡುಗ ಹೆದರಿ ಬಿಗಿ ಹಿಡಿದ. ಮೊಹಿನುದ್ದೀನ ಚೀಟಿಯಾಗ ಬರೆದ ಮಾತ ಮರತ. "ತೌರಮನಿಯಿಂದ ಯಾರರ ಬಂದಾರೇನವ್ವ?" ಅಂದ.

ವೈಜನಾಥ ಗಾಬರ್ಯಾಗಿ, "ಅವ್ವ ಬಂದಾಳ, ಹಿಂದ ಕುಂತಾಳ," ಅಂದುಬಿಟ್ಟ. ಅಷ್ಟರಾಗ ಹನ್ನೆರಡ ಬಳಿ ಮಣಿಕಟ್ಟಿಗೆ ಇಳದಿದ್ದವು, ಒಂದೂ ಒಡೀಲಿಲ್ಲ. ಹೆಣ್ಮಕ್ಕಳೊಳಗ ಒಂದ ಸಮಾಧಾನದ ಉಸಿರು ಹೋತು.

ಈಗ ಬಳಿಗಾರ ಕಾಲಿಗೆ ಬೀಳಬೇಕು. ರಾಣಿ ಉಂಗುರ ಬಿಚ್ಚಿ ಹಿಡಕೊಂಡು ನಿಂತಳು. ಮೊಹಿನುದ್ದೀನನೂ ಎದ್ದು ನಿಂತ, ಬೀಳಲಿಲ್ಲ. ರಾಣಿ ಕಣ್ಣಿಲೆ ಸನ್ನಿ ಮಾಡಿದಳು. ಬಳಿಗಾರ ತಗಡಿನ ಮಾಳಿಗಿ ನೋಡಿದ. ಹಾರ್ಮೋನಿಯಂ ಅದ ಸಾಲು ಮೂರ ಸಲ ತಿರಗಿ ಬಂತು. ಪಡದೆ ಹಿಂದಿಂದ ಮಾಸ್ತರ "ಬೀಳೋ, ಬೀಳೋ" ಅಂತ ಪಿಸುಗುಟ್ಟತಿದ್ದ. ಆ ಹೊತ್ತಿನ್ಯಾಗ ಹಿಂದಿನ ಕಂಬದ ಕಡಿಂದ ಒಂದ ದನಿ ಬಂತು. ರುಕ್ಮಿಣಿಬಾಯಿ ಕುಂತಲ್ಲಿಂದನ ಅಂದರು:

"ವೈಜನಾಥಾ, ಬಳಿ ಇಡಿಸಿಕೊಂಡಿ. ನಮಸ್ಕಾರ ಯಾರು ಮಾಡಬೇಕು?"

ಹೆಣ್ಮಕ್ಕಳು ಅದನ್ನ ಕಾಯಾಕತ್ತಿದ್ದರು. "ಹೌದಲ್ಲ," "ಬಾಗವ್ವ ರಾಣಿ," "ಗಂಡ ಯುದ್ಧಕ್ಕ ಹೊಂಟಾನ, ಹರಸಿಕೋ ಮೊದಲ," ಅಂತ ನಾಕೂ ಕಡಿಂದ ಚಾಲೂ ಆತು. ಪಾಟೀಲರ ಮಗ ಮಾಸ್ತರಗ ಹೆದರಾಂವಲ್ಲ, ಮಂದೀಗೂ ಹೆದರಾಂವಲ್ಲ. ಅವ್ವಗ ಹೆದರತಿದ್ದ. ಬಾಗಿದ. ಬಾಗಿದಾಂವ ಕೆಳಗಿಂದ, "ಜಲ್ದಿ ಹರಸು ಮಾರಾಯಾ, ಸೀರಿ ಸಡ್ಲ ಆಗ್ಯದ," ಅಂದ.

ಮೊಹಿನುದ್ದೀನ ಅವಸರ ಮಾಡಲಿಲ್ಲ. ನಾಟಕದ ಸಾಬ ಎಲ್ಲಿ ಹೋಗಿದ್ದನೋ, ಅವನ ಊರಿಗೇ ಹೋಗಿದ್ದ. ಕಲ್ಯಾಣಿಯ ಬಳಿಗಾರ ಕೈ ಎತ್ತಿ, ಕಡೀ ಸಾಲಿಗೂ ಕೇಳೂವಂಗ ಅಂದ: "ಮುತ್ತೈದಿಯಾಗಿ ಬಾಳವ್ವ. ನಿನ್ನ ರಾಜಾ ತಿರಗಿ ಬರ್ತಾನ. ನಾ ಇಟ್ಟ ಬಳಿ ನಿನ್ನ ಕೈಯಾಗ ಇರ್ತಾವ."

ಎಷ್ಟೋ ಹೆಣ್ಮಕ್ಕಳು ಕುಂತಲ್ಲೇ ತಮ್ಮ ಬಳಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ. ಮೊಹಿನುದ್ದೀನ ಒಳಗ ಬಂದು ಖುಷಿಲೇ ಪೆಟಗಿ ಮ್ಯಾಲ ಕುಂತ. ಮಾಸ್ತರ ಬೈದದ್ದು ಅವಗ ಕಿವಿಗೇ ಬೀಳಲಿಲ್ಲ. ಒಂದ ಲೋಟ ಚಹಾ ಕುಡದ, ಇನ್ನೊಂದ ಕೇಳಿ ಇಸಕೊಂಡು ಕುಡದ.

ಒಂದ ತಾಸಿನ ಮ್ಯಾಲ ಹಾರ್ಮೋನಿಯಂ ಅಳೂ ರಾಗ ಹಿಡೀತು. ಹೊರಗ ಹೆಣ್ಮಕ್ಕಳು ಮೂಗ ಸೀನೂ ಸಪ್ಪಳ. ರಾಗ ಮುಗಿಸಿ ಮಾಸ್ತರ ಒಳಗ ಬಂದಕೂಡ್ಲೆ ಮೊಹಿನುದ್ದೀನ ಅವನ ಅಂಗಿ ಹಿಡಿದ. "ಏನಾತ್ರಿ?"

"ರಾಜಾ ಸತ್ತ."

"ಯಾವ ರಾಜಾ?"

"ನಮ್ಮ ಕಡೆ ಎಷ್ಟ ರಾಜಾ ಅದಾರೋ? ಮಣಿಮಾಲಿನಿ ಗಂಡ. ಹೆಣಾ ತಂದ ಇಟ್ಟಾರ. ಇನ್ನ ಆಕಿ ಬಳಿ ಒಡಕೊಂಡು ಸತಿ ಹೋಗ್ತಾಳ."

ಮೊಹಿನುದ್ದೀನ ಹಿಡದ ಅಂಗಿ ಬಿಡಲಿಲ್ಲ. "ಮತ್ತ ರಾಜಾ ತಿರಗಿ ಬರ್ತಾನಂತ ನಾ ಮಾತ ಕೊಟ್ಟೇನಲ್ರಿ. ಐದನೂರ ಮಂದಿ ಕೇಳ್ಯಾರ."

"ಅದಕ್ಕ ಮಾರಾಯಾ, ನಾ ಬಳಿಗಾರನ್ನ ಹುಚ್ಚಪ್ಯಾಲಿ ಮಾಡಿ ಬರದಿದ್ದು," ಅಂದ ಮಾಸ್ತರ. ಅವನ ದನಿಯಾಗ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಗಸಾಂವನ ಮಾತ ಯಾರೂ ನೆನಪಿಡೂದಿಲ್ಲ. ಅಂವ ಹರಸಿದರೂ ಅಷ್ಟ, ಬಿಟ್ಟರೂ ಅಷ್ಟ. ನಿನಗ ಮರ್ಯಾದಿ ಬೇಕಾಗಿತ್ತು. ತಗೋ, ಈಗ ನಿನ್ನ ಮಾತಿಗೆ ಬೆಲಿ ಬಂದೈತಿ."

ಮೊಹಿನುದ್ದೀನ ಪಡದೆ ಸಂದಿಯಾಗ ಇಣಿಕಿದ. ಬಕ್ಕಪ್ಪ ಕಿರೀಟ ಎದಿ ಮ್ಯಾಲ ಇಟಕೊಂಡು ಅಂಗಾತ ಬಿದ್ದಿದ್ದ. ಮಗ್ಗಲಿಗೆ ರಾಣಿ ಕಲ್ಲು ಎತ್ತಿ ಹಿಡಿದಿದ್ದಳು, ಬಳಿ ಮ್ಯಾಲ ಕುಟ್ಟಾಕ. ಆದರ ಹೆಣ್ಮಕ್ಕಳು ರಾಣೀನ ನೋಡಾಕತ್ತಿರಲಿಲ್ಲ. ಬಳಿಗಾರ ಯಾವ ಕಡಿಂದ ಒಳಗ ಹೋಗಿದ್ದನೋ ಆ ಕಡೀನ ನೋಡಾಕತ್ತಿದ್ದರು. ನಾಳಿ ಇದ ಹೆಣ್ಮಕ್ಕಳ ಬಾಗಲಿಗೆ ಅಂವ ಹೋಗಬೇಕು. ಕೈ ಎತ್ತಿ ಅದ ಮಾತ ಹೇಳಬೇಕು. ಅವತ್ತ ಪ್ಯಾಟಿ ಓಣ್ಯಾಗ ಬರೇ ನಮಸ್ಕಾರ ಹೋಗಿತ್ತು. ಇವತ್ತ ಮಾತ ಹೋಗ್ತದ.

ಅಂವ ನೆಟ್ಟಗ ಸ್ಟೇಜಿಗೆ ನಡದ. ರಾಣಿಯ ಕೈಯಾಗಿನ ಕಲ್ಲ ಇಸಕೊಂಡು ಒಂದ ಮೂಲಿಗೆ ಇಟ್ಟ. ಹೆಣದ ತಲಿ ಹಂತ್ಯಾಕ ಕುಂತ.

"ಸಾವ್ಕಾರ್ರ, ಏಳ್ರಿ," ಅಂದ.

ಹೆಣ ಅಲಗಾಡಲಿಲ್ಲ. ಪಡದೆ ಹಿಂದಿಂದ ಮಾಸ್ತರ, "ಏಳಬ್ಯಾಡ ಬಕ್ಕಪ್ಪಾ," ಅಂದ.

"ನಾ ಮಾತ ಕೊಟ್ಟೇನ್ರಿ," ಅಂದ ಮೊಹಿನುದ್ದೀನ. "ನಿಮಗ ಇದು ನಾಟಕ. ನಾ ನಾಳಿ ಯಾವ ಬಾಯಿಲೆ ಹರಸಲಿ?"

ಬಕ್ಕಪ್ಪ ಒಂದ ಕಣ್ಣ ತಗದ. ಪಾರ್ಟು ಕಸಗೊಂಡನಂತ ತಿಂಗಳಿಂದ ಅವಗ ಮೊಹಿನುದ್ದೀನನ ಮ್ಯಾಲ ಒಳಗೊಳಗ ಸಿಟ್ಟಿತ್ತು. ಸತ್ತ ಬಿದ್ದು ಬಿದ್ದು ಬೆನ್ನೂ ನೂತಿತ್ತು. ಆ ಒಂದ ಕಣ್ಣಿಗೆ ಮುಂದಿನ ಸಾಲಿನಾಗ ತನ್ನ ಸಂಗಮ್ಮ ಕಂಡಳು. ನಾಟಕ ಅನ್ನೂದು ಮರತು, ಬಾಯಿಗೆ ಸೆರಗ ತುರಕಿಕೊಂಡು ಅಳಾಕತ್ತಿದ್ದಳು. ಆಕಿ ಕೈಯಾಗ ಹಸರ ಬಳಿ ಇದ್ದವು. ಹಿಂದಿನ ವಾರ ಕಟ್ಟಿ ಮ್ಯಾಲ ಕುಂತು ಇದ ಮೊಹಿನುದ್ದೀನನ ಇಟ್ಟಿದ್ದ, ಬಕ್ಕಪ್ಪ ಮಗ್ಗಲಿಗೇ ಕುಂತು ಹರಕಿ ಕೇಳಿದ್ದ.

ಬಕ್ಕಪ್ಪ ಎದ್ದು ಕುಂತ. ಕಿರೀಟ ಹುಡಕಿ ತಲಿಗೆ ಇಟಕೊಂಡ. ಏನ ಮಾತಾಡಬೇಕಂತ ಅವನ ಚೀಟಿಯಾಗ ಇರಲಿಲ್ಲ, ಸತ್ತ ಮ್ಯಾಲ ಯಾರೂ ಮಾತ ಬರೆದಿರಲಿಲ್ಲ. ತನ್ನ ಅಂಗಡಿ ದನಿಲೇ ಅಂದ: "ನನ್ನ ಆಯುಷ್ಯ ಮುಗದಿತ್ತು ರಾಣಿ. ನಮ್ಮೂರ ಬಳಿಗಾರನ ಮಾತು ಸುಳ್ಳ ಆಗಬಾರದಂತ ಎದ್ದ ಬಂದೆ."

ತಗಡಿನ ಶೆಡ್ಡು ಹಾರಿ ಹೋಗೂವಂಗ ಚಪ್ಪಾಳಿ ಬಿದ್ದವು. ರಾಣಿ ಸತಿ ಹೋಗಲಿಲ್ಲ. ಮಾಸ್ತರ ಮಂಗಳಾರತಿ ಹಾಡು ಬಾರಿಸಿ ಪಡದೆ ಎಳಿಸಿದ. ಮುಂದ ಸಂಜಿ ಗಂಡಸರ ಆಟದಾಗೂ ರಾಜಾ ಎದ್ದ. ಯಾಕಂದ್ರ ಅಷ್ಟರಾಗ ಸುದ್ದಿ ಮನಿ ಮನಿಗೆ ಹೋಗಿತ್ತು, ಏಳದಿದ್ದರ ಟಿಕೀಟಿನ ರೊಕ್ಕ ತಿರಗಿ ಕೊಡ್ರಿ ಅಂತಿದ್ದರು. ನಾಟಕದ ಹೆಸರಿನ ಮುಂದಿನ "ಸತಿ" ತಗದು ಬರೇ "ಮಣಿಮಾಲಿನಿ" ಅಂತ ಬೋರ್ಡ ಬರೆಸಿದರು. ಮಾಸ್ತರ ಗದಗಿಗೆ ತಿರಗಿ ಹೋಗೂ ತನಕ, ನನ್ನ ದುಃಖಾಂತ ನಾಟಕ ಒಬ್ಬ ಬಳಿಗಾರ ಕೆಡಿಸಿದನಂತ ಕಂಡ ಕಂಡವರ ಮುಂದ ಹೇಳಿದ. ಮೊಹಿನುದ್ದೀನ ಆ ಪಾರ್ಟು ಮುಂದ ಎಂಟ ಹತ್ತ ವರ್ಷ ಮಾಡಿದ, ತನ್ನ ಎರಡ ಬೆರಳಿನ ಗಡ್ಡದಾಗ, ತನ್ನ ಶೇರವಾನಿಯಾಗ, ತನ್ನ ಮಾತಿನಾಗ. ಕಡೀ ಸಾಲಿನ ಮುದುಕರಿಗೆ ಅಂವ ಯಾರಂತ ತಿಳೀತಿತ್ತು.

ಅದೆಲ್ಲಾ ಆಮ್ಯಾಲಿಂದು. ಆ ಮಧ್ಯಾಹ್ನ ಆಟ ಬಿಟ್ಟ ಮ್ಯಾಲ ಅಂವ ಶೆಡ್ಡಿನ ಹಿಂದ ನಿಂತು ಹತ್ತಿ ಗಡ್ಡ ಕೀಳಾಕತ್ತಿದ್ದ. ಅಂಟಿನ ಕೂಡ ಖರೇ ಗಡ್ಡಾನೂ ಬರಾಕತ್ತಿತ್ತು, ಕಣ್ಣಾಗ ನೀರ ಬಂದಿದ್ದವು. ರುಕ್ಮಿಣಿಬಾಯಿ ಗಾಡಿ ಕಡೆ ಹೊಂಟಾವರು ನಿಂತರು.

ಹೊಗಳಾಕ ಬಂದಾರಂತ ಮೊಹಿನುದ್ದೀನಗ ಅನಸಿತು. "ಹ್ಯಾಂಗ ಆತ್ರಿ ಬಾಯಾರ, ನನ್ನ ಪಾರ್ಟು?" ಅಂದ.

"ಚಂದ ಆತು," ಅಂದರು. "ನನಗೂ ಇದ ಮಾತ ಹೇಳಿದ್ದಿ ಮೊಹಿನುದ್ದೀನಾ. ಮದುವ್ಯಾಗ ಹೇಳಿದಿ. ಆಮ್ಯಾಲ ಇಪ್ಪತ್ತು ವರ್ಷ, ಬಳಿ ಇಟ್ಟಾಗೊಮ್ಮೆ ಹೇಳಿದಿ."

ಮೊಹಿನುದ್ದೀನನ ಬಾಯಾಗ ಮೂರ ಭಾಷಾ ಇದ್ದವು, ಒಂದೂ ಬರಲಿಲ್ಲ. ಅರ್ಧಾ ಕಿತ್ತ ಗಡ್ಡ ಕೈಯಾಗ ಹಿಡಕೊಂಡು ನೆಲಾ ನೋಡಿದ.

"ನೀ ಯಾಕ ತಲಿ ಬಗ್ಗಸ್ತಿ? ನಿಂದೇನ ತಪ್ಪಿಲ್ಲ," ಅಂದರು ರುಕ್ಮಿಣಿಬಾಯಿ. "ಒಮ್ಮೆರ ಖರೇ ಆತಲ್ಲ. ಕಣ್ಣಿಲೆ ನೋಡಿದೆ, ರಾಜಾ ಎದ್ದ ಕುಂತ."

ಇಷ್ಟಂದು ಗಾಡಿ ಹತ್ತಿ ಹುಡಗಿಗೆ ಹೋದರು.